ಹಿಂದಿನ ಚಕ್ರದ ಗೌರವಾಧ್ಯಕ್ಷರು

ನಮ್ಮೂರು ನಾರಾವಿಯ ದೇವರು ಸೂರ್ಯನಾರಾಯಣ. ಪುರಾಣದ ಲೆಕ್ಕದಲ್ಲಿ ಅವನ ರಥಕ್ಕೆ ಏಳು ಕುದುರೆ, ಒಂದೇ ಚಕ್ರ, ತೊಡೆಯೇ ಇಲ್ಲದ ಸಾರಥಿ ಅರುಣ. ಅಷ್ಟನ್ನೇ ಇಟ್ಟುಕೊಂಡು ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಹೋಗುತ್ತಾನೆ. ಚಕ್ರ ಸಪೂರವಾಯಿತು, ಹಿಡಿತ ಸಾಲದು ಎಂದು ಅರುಣ ಇದುವರೆಗೆ ಗೊಣಗಿದ ದಾಖಲೆಯಿಲ್ಲ. ಅದೇ ಊರಿನ ಹುಡುಗರಿಗೆ ನಾಲ್ಕು ಚಕ್ರ, ಎಂಬತ್ತು ಚಿಲ್ಲರೆ ಕುದುರೆ, ಅದಕ್ಕೊಂದು ಬ್ಯಾಂಕ್ ಸಾಲ ಎಲ್ಲವೂ ಸಿಕ್ಕಿದ ಮೇಲೂ ಒಂದು ಕೊರಗು ಉಳಿದಿದೆ: "ಹಿಂದೆ ಗ್ರಿಪ್ ಇಲ್ಲ ಮಾಷ್ಟ್ರೆ."

ಹಾಗೆ ಕೊರಗಿದವನು ನಮ್ಮ ನೆರೆಮನೆಯ ಹುಡುಗ. ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಬೆಳಗ್ಗಿನ ನೀರುದೋಸೆಗೆ ಮನೆಯಲ್ಲಿ. ಅಪ್ಪನದ್ದು ರಬ್ಬರ್ ತೋಟ, ಮಗನದ್ದು ರಬ್ಬರ್ ಹುಚ್ಚು. ಅಪ್ಪ ಕೋಳಿ ಕೂಗುವ ಮೊದಲೇ ಹಣೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆದು, ಹಾಲು ಇಳಿಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನಿಗೆ ಕೊಟ್ಟು ಶೀಟ್ ಮಾಡಿ, ಹೊಗೆಗೂಡಿನಲ್ಲಿ ಒಣಗಿಸಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಮಗ ಅದೇ ಪದಾರ್ಥವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೊಳ್ಳುತ್ತಾನೆ. ಕಿಲೋಗೂ ಮಿಲಿಮೀಟರಿಗೂ ನಡುವೆ ಎಲ್ಲಿಯೋ ಆ ಮನೆಯ ದುಡ್ಡು ಸೋರುತ್ತದೆ. ಸೋರುವ ಜಾಗ ಕಂಪನಿಗಳಿಗೆ ಗೊತ್ತುಂಟು, ಅಪ್ಪನಿಗೆ ಗೊತ್ತಿಲ್ಲ.

ಹುಡುಗ ಲೆಕ್ಕದಲ್ಲಿ ದಡ್ಡನಲ್ಲ. ಅವನ ಕಾರಿಗೆ ಕಂಪನಿ ಕೊಟ್ಟ ಟೈರು 185/65 ಆರ್ 15. ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಒಳಗಿನ ಡಿಸ್ಕ್ 15 ಇಂಚು. ಕೂಡಿಸಿ ಕಳೆದರೆ ಚಕ್ರದ ಒಟ್ಟು ಎತ್ತರ 621 ಮಿಲಿಮೀಟರ್ ಚಿಲ್ಲರೆ. ಹಿಂದಕ್ಕೆ ಅವನು ಆರಿಸಿದ್ದು 215/45 ಆರ್ 17. ಅದರ ಎತ್ತರ 625. ನಾಲ್ಕು ಮಿಲಿಮೀಟರಿನ ವ್ಯತ್ಯಾಸವೂ ಪೂರ್ತಿ ಇಲ್ಲ. ಅಗಲದ ಟೈರು ಹಾಕುವ ಹತ್ತರಲ್ಲಿ ಒಂಬತ್ತು ಮಂದಿ ಈ ಲೆಕ್ಕ ಹಾಕುವುದೇ ಇಲ್ಲ. ಆಮೇಲೆ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಹೊಗೆ ಬರುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಇವನ ಲೆಕ್ಕ ಅಚ್ಚುಕಟ್ಟು. ಲೆಕ್ಕ ಸರಿಯಾಗಿತ್ತು, ಗಾಡಿ ತಪ್ಪಾಗಿತ್ತು.

ಮೂಡುಬಿದಿರೆಯ ಒಂದು ಟೈರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಜ್ಞಾನಕ್ಕಲ್ಲ, ಸಾಕ್ಷಿಗೆ. ನಾಳೆ ಅಪ್ಪ ರೇಗಿದರೆ "ಮಾಷ್ಟ್ರೂ ಇದ್ದರು" ಎನ್ನಬಹುದಲ್ಲ. ಅಂಗಡಿಯವರು ಹೊಸ ಟೈರನ್ನು ಉರುಳಿಸಿಕೊಂಡು ಬಂದರು. ಮೈಮೇಲೆ ಇನ್ನೂ ರಬ್ಬರಿನ ಸಣ್ಣ ಸಣ್ಣ ಕೂದಲು, ಪಕ್ಕದಲ್ಲಿ ಅಳತೆಯ ಕೊನೆಗೆ ಡಬ್ಲ್ಯೂ ಎಂಬ ಅಕ್ಷರ. ಗಂಟೆಗೆ 270 ಕಿಲೋಮೀಟರ್ ಓಡಿದರೂ ತಡೆಯುತ್ತದೆ ಎಂಬುದು ಆ ಅಕ್ಷರದ ಅರ್ಥ. ನಾರಾವಿ ಪೇಟೆಯ ಹಂಪಿನ ಮೇಲೆ, ಎದುರಿಗೆ ಧರ್ಮಸ್ಥಳದ ಯಾತ್ರಿಕರ ಟೆಂಪೋ, ಪಕ್ಕದಲ್ಲಿ ಮೀನಿನ ಸ್ಕೂಟರ್ ಇರುವಾಗ 270ರಲ್ಲಿ ಹೋಗಬೇಕೆಂದರೆ ಇಂಥದ್ದೇ ಬೇಕು, ಒಪ್ಪೋಣ.

"ಎದುರಿನದ್ದು ಯಾವಾಗ ಅಣ್ಣ?" ಎಂದು ಅಂಗಡಿಯವರು ಕೇಳಿದರು.

"ಎದುರು ಬೇಡ. ಪೋರ್ಷೆಗೂ ಎದುರು ಸಪೂರವೇ ಇರುವುದು."

ಅಂಗಡಿಯವರು ಕಾರಿನ ಮೂತಿಯನ್ನು ಒಮ್ಮೆ ನೋಡಿದರು, ನನ್ನ ಮುಖವನ್ನು ಒಮ್ಮೆ ನೋಡಿದರು, ಬಿಲ್ ಪುಸ್ತಕ ತೆಗೆದರು. ವ್ಯಾಪಾರ ಮಾಡಿ ಮಾಡಿ ಅವರಿಗೆ ಮಾತಿನ ಬೆಲೆ ಗೊತ್ತು. "ನೈಟ್ರೋಜನ್ ಹಾಕ್ಲಾ?" ಎಂದು ಮಾತ್ರ ಕೇಳಿದರು. ಹಾಕಿಸಿದ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇರುವುದರಿಂದ, ಅವನು ದುಡ್ಡು ಕೊಟ್ಟದ್ದು ಉಳಿದ 22 ಪಾಲನ್ನು ಹೊರಗೆ ಹಾಕಿದ್ದಕ್ಕೆ.

ಈಗ ಪೋರ್ಷೆಯ ವಿಷಯ. ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. 2019ರಲ್ಲಿ ಬಂದ 911 ಕರೇರಾ ಎಸ್ ಕಾರಿಗೆ ಎದುರು 245/35 ಆರ್ 20, ಹಿಂದೆ 305/30 ಆರ್ 21. ಹಿಂದಿನದ್ದು ಒಂದು ಅಡಿ ಸ್ಕೇಲಿನಷ್ಟು ಅಗಲ. ಆದರೆ ಅದರ ಎಂಜಿನ್ ಇರುವುದೇ ಹಿಂದೆ, ಹಿಂದಿನ ಆಕ್ಸಲಿಗಿಂತಲೂ ಆಚೆ. ಗಾಡಿಯ ಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಹಿಂದಿನ ಎರಡು ಚಕ್ರಗಳ ತಲೆಯ ಮೇಲೆ. 450 ಕುದುರೆಗಳನ್ನು ನೆಲಕ್ಕೆ ಒಪ್ಪಿಸುವ ಕೆಲಸವೂ ಅವುಗಳದ್ದೇ. ಅದೇ 911 ಅರವತ್ತರ ದಶಕದಲ್ಲಿ ಹುಟ್ಟಿದಾಗ 130 ಕುದುರೆ, ನಾಲ್ಕೂ ಕಡೆ ಒಂದೇ ಅಳತೆಯ 165ರ ಟೈರು. ಮುಂದಿನ ಅರವತ್ತು ವರ್ಷದಲ್ಲಿ ಕುದುರೆ ಹೆಚ್ಚಿದ ಹಾಗೆ ಹಿಂದಿನ ರಬ್ಬರ್ ಅಗಲವಾಗುತ್ತ ಬಂತು. ದುಡಿಮೆ ಮೊದಲು, ಮೈ ಆಮೇಲೆ. ಅದಕ್ಕೂ ಹಿಂದೆ ಹೋದರೆ 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ: ಇಪ್ಪತ್ತು ಕುದುರೆ, ಎದುರು ಮೂರು ಇಂಚಿನ ಟೈರು, ಹಿಂದೆ ಮೂರೂವರೆ ಇಂಚು. ಅದರಲ್ಲೂ ದುಡಿಯುವ ಚಕ್ರ ಹಿಂದಿನದ್ದೇ. ನಮ್ಮದೇ ತಾಲೂಕಿನ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳ ಸಂಗ್ರಹಾಲಯಕ್ಕೆ ಹೋದವರು ಬಾನೆಟ್ ಎದುರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಬಗ್ಗಿ ಟೈರು ನೋಡಿದರೆ ಅಷ್ಟು ದೊಡ್ಡ ದೊಡ್ಡ ಗಾಡಿಗಳು ಎಷ್ಟು ಸಪೂರ ರಬ್ಬರಿನ ಮೇಲೆ ಮರ್ಯಾದೆಯಿಂದ ನಿಂತಿವೆ ಎಂಬುದು ಕಾಣುತ್ತದೆ.

ನಮ್ಮ ಹುಡುಗನ ಕಾರಿನ ಎಂಜಿನ್ ಎದುರು. ಅದು ತಿರುಗಿಸುವುದೂ ಎದುರಿನ ಚಕ್ರವನ್ನೇ. ಸ್ಟಿಯರಿಂಗ್ ಎದುರಿನದ್ದಕ್ಕೆ, ಬ್ರೇಕಿನ ಮುಕ್ಕಾಲು ಪಾಲು ಕೆಲಸ ಎದುರಿನದ್ದಕ್ಕೆ. ಹಿಂದಿನ ಎರಡು ಚಕ್ರ ಎಳೆದಲ್ಲಿಗೆ ಹೋಗುತ್ತವೆ. ನಮ್ಮ ಕಡೆ ಯಾವುದೇ ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ, ಕ್ರಿಕೆಟ್ ಟೂರ್ನಿಯ ಫ್ಲೆಕ್ಸ್ ನೋಡಿ: ಓಡಾಡುವ ಕಾರ್ಯದರ್ಶಿಯ ಫೋಟೋ ಅಂಚೆಚೀಟಿಯಷ್ಟು, ಗೌರವಾಧ್ಯಕ್ಷರದ್ದು ಬಾಗಿಲಿನಷ್ಟು. ಈ ಕಾರಿನಲ್ಲೂ ಅದೇ ವ್ಯವಸ್ಥೆ. ಕುರ್ಚಿ ಹೊರುವವನಿಗೆ 185, ಹಾರ ಹಾಕಿಸಿಕೊಳ್ಳುವವರಿಗೆ 215.

ಸಂಜೆ ವಾಹನ ಪೂಜೆಯೂ ಆಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಎದುರಿನ ಎರಡು ಪಚಕ್ಕೆಂದು ಒಡೆದವು. ಹಿಂದಿನವು ಗಾಡಿ ಎಳೆಸಿಕೊಂಡು ಬಂದಾಗ ಒಡೆದವು.

ಅಗಲದ ಟೈರಿಗೆ ಹೆಚ್ಚು ಹಿಡಿತ ಎಂಬ ಮಾತನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ, ಆದರೆ ಅದರ ಅರ್ಧ ಮಾತ್ರ ನಿಜ. ಟೈರು ನೆಲಕ್ಕೆ ತಾಗುವ ಜಾಗ ಎಷ್ಟು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಎರಡು ಸಂಗತಿ: ಚಕ್ರದ ಮೇಲೆ ಬಿದ್ದ ಭಾರ, ಒಳಗಿನ ಗಾಳಿಯ ಒತ್ತಡ. ಹಿಂದಿನ ಒಂದು ಚಕ್ರದ ಮೇಲೆ 180 ಕಿಲೋ ಇದೆ ಎನ್ನಿ, ಗಾಳಿ 32 ಪೌಂಡ್. ಆಗ ನೆಲಕ್ಕೆ ತಾಗುವುದು ಸುಮಾರು 80 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಟೈರು ಅಗಲ ಮಾಡಿದರೆ ಆ ಅಂಗೈ ಹೆಚ್ಚೇನೂ ದೊಡ್ಡದಾಗುವುದಿಲ್ಲ, ಅಡ್ಡಕ್ಕೆ ತಿರುಗುತ್ತದೆ: ಉದ್ದ ಕಡಿಮೆ, ಅಗಲ ಹೆಚ್ಚು. 450 ಕುದುರೆಯ ಗಾಡಿಗೆ ಇದರಿಂದ ನಿಜವಾದ ಲಾಭ ಉಂಟು. ರಬ್ಬರಿನ ಮೇಲೆ ಭಾರ ಏರಿದ ಹಾಗೆ ಅದರ ಹಿಡಿತ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆ ಭಾರವನ್ನೂ ಬಿಸಿಯನ್ನೂ ಅಗಲಕ್ಕೆ ಹಂಚಿದರೆ ಟೈರು ಹೆಚ್ಚು ಹೊತ್ತು ತಾಳುತ್ತದೆ, ಜೊತೆಗೆ ಮೆತ್ತಗಿನ ರಬ್ಬರನ್ನು ಬಳಸಬಹುದು. ಗಾಡಿ ಜೋರಾಗಿ ಹೊರಟಾಗ ಭಾರ ಎದುರಿನಿಂದ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿಗೆ ಅದೊಂದು ವರ. ಎದುರಿನ ಚಕ್ರ ಎಳೆಯುವ ಕಾರಿಗೆ ಅದೇ ಶಾಪ: ಆಕ್ಸಿಲರೇಟರ್ ಒತ್ತಿದಷ್ಟೂ ದುಡಿಯುವ ಚಕ್ರ ಹಗುರವಾಗುತ್ತದೆ, ಗೌರವಾಧ್ಯಕ್ಷರು ಮತ್ತಷ್ಟು ಭಾರವಾಗುತ್ತಾರೆ.

ಅದಲ್ಲದೆ ಹಿಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ತಿರುವಿನಲ್ಲಿ ಎದುರಿನದ್ದು ಮೊದಲು ಸೋಲುತ್ತದೆ. ಬಜಗೋಳಿ ದಾಟಿ ಮಾಳದ ಕಡೆಯಿಂದ ಕುದುರೆಮುಖಕ್ಕೆ ಹತ್ತುವ ರಸ್ತೆಯಲ್ಲಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೂ ಮೂತಿ ನೇರ ಕಾಡಿಗೆ ಹೋಗಲು ನೋಡುತ್ತದೆ. ರಾಷ್ಟ್ರೀಯ ಉದ್ಯಾನ ನೋಡಲು ಇದೂ ಒಂದು ದಾರಿ.

ಸ್ಪೋರ್ಟ್ಸ್ ಕಾರು ಮಾಡುವವರೇ ಟೈರಿನ ಅಗಲದ ವಿಷಯದಲ್ಲಿ ನಮ್ಮ ಹುಡುಗರಿಗಿಂತ ಸಂಕೋಚದವರು. 2012ರಲ್ಲಿ ಟೊಯೋಟಾ ಜಿಟಿ86 ಎಂಬ ಕಾರು ಬಂತು. ಹಿಂದಿನ ಚಕ್ರ ತಳ್ಳುವ, 200 ಕುದುರೆಯ ಅಪ್ಪಟ ಸ್ಪೋರ್ಟ್ಸ್ ಕಾರು. ನಾಲ್ಕೂ ಕಡೆ 215ರ ಒಂದೇ ಟೈರು, ಅದೂ ಪೆಟ್ರೋಲ್ ಉಳಿಸಲೆಂದೇ ಹುಟ್ಟಿದ ಪ್ರಿಯಸ್ ಕಾರಿಗೆ ಸಿಗುತ್ತಿದ್ದ ಜಾತಿಯದ್ದು. ಹಿಡಿತ ಸ್ವಲ್ಪ ಕಡಿಮೆ ಇದ್ದರೇ ಓಡಿಸುವ ಖುಷಿ ಎಂದು ಅದನ್ನು ಮಾಡಿದವರ ಎಣಿಕೆ. ಅವರ 200 ಕುದುರೆಗೆ ಸಾಕಾದ ಅಗಲವೇ ನಮ್ಮ ಹುಡುಗನ ಕೆಲಸವಿಲ್ಲದ ಚಕ್ರಕ್ಕೂ ಬಂದಿದೆ ಎಂದರೆ ನಾರಾವಿ ಮುಂದುವರಿದಿದೆ ಎಂದೇ ಅರ್ಥ.

ಹಾಗಾದರೆ ನಾರಾವಿಯಲ್ಲಿ ಪೋರ್ಷೆಯ ಜಾತಿಯ ಗಾಡಿಯೇ ಇಲ್ಲವೇ ಎಂದರೆ, ಇದೆ. ಬಸ್ ಸ್ಟ್ಯಾಂಡಿನ ಪಕ್ಕ ಸಾಲಾಗಿ ನಿಂತಿರುತ್ತವೆ. ಆಟೋ ರಿಕ್ಷಾದ ಎಂಜಿನ್ ಹಿಂದೆ, ತಿರುಗುವುದು ಹಿಂದಿನ ಎರಡು ಚಕ್ರ, ಮೂರು ಮಂದಿ ಪ್ರಯಾಣಿಕರ ಭಾರ ಬೀಳುವುದೂ ಅಲ್ಲಿಗೇ. 911ರ ಇಡೀ ಸೂತ್ರ ಇಷ್ಟೆ. ವ್ಯತ್ಯಾಸ ಏನೆಂದರೆ ಕುದುರೆ ಸುಮಾರು ಹತ್ತು, ಟೈರು ನಾಲ್ಕು ಇಂಚಿನದ್ದು, ಮೂರಕ್ಕೂ ಒಂದೇ ಅಳತೆ, ಬೇಕಾದರೆ ಸ್ಟೆಪ್ನಿಯನ್ನು ಯಾವ ಮೂಲೆಗೂ ಹಾಕಬಹುದು. ನಮ್ಮ ಮನೆಯ ದಾರಿ ಆಟಿ ತಿಂಗಳಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ಏರು, ಅದರಾಚೆ ಕೆಂಪು ಮಣ್ಣು. ನಮ್ಮ ರಿಕ್ಷಾದವರು ಏರಿನ ಬುಡದಲ್ಲಿ ನಿಲ್ಲಿಸಿ ಒಂದೇ ಮಾತು ಹೇಳುತ್ತಾರೆ: "ಮಾಷ್ಟ್ರೆ, ಎದುರು ಬಗ್ಗಿ ಕೂತ್ಕೊಳ್ಬೇಡಿ. ಹಿಂದಕ್ಕೆ ಒರಗಿ. ಅಕ್ಕಿ ಚೀಲ ಕಾಲ ಹತ್ರ ಬೇಡ, ಸೀಟಿನ ಹಿಂದೆ ಹಾಕಿ." ಆಮೇಲೆ ಆಕ್ಸಿಲರೇಟರನ್ನು ಎಷ್ಟು ಬೇಕೋ ಅಷ್ಟೇ ತಿರುಗಿಸಿ, ಚಕ್ರ ಜಾರಲು ಬಿಡದೆ, ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ. ಭಾರದ ಹಂಚಿಕೆ, ಆಕ್ಸಲ್, ಟಾರ್ಕ್ ಎಂಬ ಶಬ್ದಗಳನ್ನು ಅವರು ಬಳಸುವುದಿಲ್ಲ. ಬಾಡಿಗೆ ಮಾತ್ರ ಸರಿಯಾಗಿ ಹೇಳುತ್ತಾರೆ.

ಮಳೆಯ ಸಂಗತಿಗೆ ಬರೋಣ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ನೀರಿನ ಮೇಲೆ ಟೈರು ತೇಲುವ ಬಗ್ಗೆ ಅಮೆರಿಕದ ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ ಒಂದು ಲೆಕ್ಕ ಕೊಟ್ಟರು. ಅದರ ಪ್ರಕಾರ 32 ಪೌಂಡ್ ಗಾಳಿಯ ಟೈರು, ನಿಂತ ನೀರಿನಲ್ಲಿ ಗಂಟೆಗೆ ಸುಮಾರು 94 ಕಿಲೋಮೀಟರಿಗೆ ನೆಲ ಬಿಟ್ಟು ತೇಲುತ್ತದೆ. ಗಾಳಿ 24ಕ್ಕೆ ಇಳಿದಿದ್ದರೆ 82ಕ್ಕೇ. ಅಗಲದ ಟೈರು ತನ್ನ ಎದುರು ಹೆಚ್ಚು ನೀರನ್ನು ಬದಿಗೆ ತಳ್ಳಬೇಕು, ಹಾಗಾಗಿ ಇನ್ನೂ ಬೇಗ. ಗಾಳಿ ನೋಡಿಸಲು ಪೆಟ್ರೋಲ್ ಬಂಕಿನಲ್ಲಿ ಒಂದು ಚಾ ಕುಡಿಯುವಷ್ಟು ಹೊತ್ತೂ ಬೇಡ. ಆದರೆ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಸ್ಟೇಟಸ್ಸಿಗೆ ಹಾಕಲೂ ಬರುವುದಿಲ್ಲ.

ಹಿಂದಿನ ಟೈರು ಲೆಕ್ಕಕ್ಕಿಲ್ಲ ಎಂದು ಯಾರೂ ತಿಳಿಯಬಾರದು. ಎರಡೇ ಹೊಸ ಟೈರು ತರುವುದಾದರೆ ಅದನ್ನು ಹಿಂದಕ್ಕೇ ಹಾಕಿ ಎಂದು ದೊಡ್ಡ ಟೈರು ಕಂಪನಿಗಳೇ ಹೇಳುತ್ತವೆ, ಎದುರಿನ ಚಕ್ರ ಎಳೆಯುವ ಕಾರಿಗೂ. ಒದ್ದೆ ರಸ್ತೆಯಲ್ಲಿ ಎದುರು ಜಾರಿದರೆ ಕಾಲು ಎತ್ತಿ ಸುಧಾರಿಸಿಕೊಳ್ಳಬಹುದು, ಹಿಂದೆ ಜಾರಿದರೆ ಗಾಡಿ ಬುಗುರಿ. ಅಲ್ಲಿ ಬೇಕಾದದ್ದು ಗಾಡಿಗೆ ಹೇಳಿದ ಅಳತೆ ಮತ್ತು ಆಳವಾದ ಗೀರು. ಕಾನೂನಿನ ಪ್ರಕಾರ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನಮ್ಮ ಹುಡುಗನ ಎದುರಿನ ಟೈರುಗಳನ್ನು ನಾನು ಬಗ್ಗಿ ನೋಡಿದೆ. ಗೀರು ಸವೆದು, ಒಳಗಿನ ಗುರುತಿನ ಗೆರೆ ಮೇಲಿನ ರಬ್ಬರಿಗೆ ಸಮನಾಗಿತ್ತು. ಕಾರ್ಯದರ್ಶಿಯ ಚಪ್ಪಲಿ ಸವೆಯುವುದು ಸಹಜವೇ.

ಕೆಸರಿಗೆ ಅಗಲದ ಟೈರು ಒಳ್ಳೆಯದು ಎಂಬ ವಾದವನ್ನೂ ಅವನು ಮುಂದಿಟ್ಟ. ಆದರೆ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ 380 ಕುದುರೆಯ ಕಾರುಗಳು ಡಾಂಬರು ರಸ್ತೆಗೆ ಹಾಕಿಕೊಂಡದ್ದು 235/40 ಆರ್ 18. ಅದೇ ಕಾರುಗಳು ಜಲ್ಲಿ, ಮಣ್ಣಿಗೆ ಇಳಿದಾಗ 205/65 ಆರ್ 15. ಸ್ವೀಡನ್ನಿನ ಹಿಮಕ್ಕೆ ಮೊಳೆ ಹೊಡೆದ, ಮತ್ತೂ ಸಪೂರದ್ದು. ನೆಲ ಮೆತ್ತಗಾದರೆ ಮೇಲಿನ ಸಡಿಲು ಪದರವನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯಬೇಕು. ಅಗಲದ್ದು ಮೇಲೆಯೇ ಈಜುತ್ತದೆ. ಇದನ್ನು ತಿಳಿಯಲು ಸ್ವೀಡನ್ನಿಗೆ ಹೋಗಬೇಕಾಗಿಲ್ಲ, ವೇಣೂರಿನ ಕಂಬಳಕ್ಕೆ ಹೋದರೂ ಸಾಕು. ಕೋಣದ ಗೊರಸು ಎರಡು ಸೀಳಾಗಿದೆ, ಊರಿದಾಗ ಅಗಲಿ ಎತ್ತಿದಾಗ ಕೂಡಿಕೊಳ್ಳುತ್ತದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಓಟದ ಕರೆಯಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಅವರ ಕಾಲು ನೋಡಿತು. ಕೋಣಗಳ ಕಾಲನ್ನು ಯಾರೂ ನೋಡಲಿಲ್ಲ. ಕಂಬಳದಲ್ಲಿ ಕನೆ ಹಲಗೆ ಎಂಬ ಇನ್ನೊಂದು ಸ್ಪರ್ಧೆ ಉಂಟು. ಅಲ್ಲಿ ಓಟದ ಹೊತ್ತು ಮುಖ್ಯವಲ್ಲ, ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆ ಮುಟ್ಟಿತು ಎಂಬುದಕ್ಕೆ ಬಹುಮಾನ. ಬಸ್ಸಿಗೆ ಕಾಯುವವರ ಮೇಲೆ ನೀರು ಹಾರಿಸುವುದಕ್ಕೆ ಆ ವಿಭಾಗದಲ್ಲಿ ಕಾರುಗಳಿಗೂ ಪ್ರವೇಶ ಕೊಟ್ಟರೆ ನಮ್ಮ ಹುಡುಗನಿಗೆ ಒಂದು ಪವನ್ ಚಿನ್ನ ಖಾತ್ರಿ.

ಬಸ್ಸಿನ ಮಾತು ಬಂತು. 1982ರಲ್ಲಿ ಫಾರ್ಮುಲಾ ಒನ್‌ನ ವಿಲಿಯಮ್ಸ್ ತಂಡದವರು ಎಫ್‌ಡಬ್ಲ್ಯೂ08ಬಿ ಎಂಬ ಆರು ಚಕ್ರದ ಕಾರು ಮಾಡಿ ನೋಡಿದರು. ಹಿಂದೆ ಎರಡು ಅಗಲದ ಟೈರಿನ ಬದಲು ನಾಲ್ಕು ಸಣ್ಣ ಟೈರು, ನಾಲ್ಕಕ್ಕೂ ಎಂಜಿನ್ನಿನ ಬಲ. ಹಿಡಿತ ಜಬರ್ದಸ್ತ್, ಗಾಳಿಯ ತಡೆ ಕಡಿಮೆ. 1983ರ ನಿಯಮದಲ್ಲಿ ಕಾರಿಗೆ ನಾಲ್ಕೇ ಚಕ್ರ ಎಂದು ಬರೆದು ಅದನ್ನು ಮನೆಗೆ ಕಳುಹಿಸಲಾಯಿತು. ಹಿಂದೆ ನಾಲ್ಕು ಚಕ್ರ ಇಟ್ಟುಕೊಂಡು ನಮ್ಮ ಸರ್ವಿಸ್ ಬಸ್ಸುಗಳು ಕಾರ್ಕಳದಿಂದ ಗುರುವಾಯನಕೆರೆಗೆ ಇವತ್ತಿಗೂ ಓಡುತ್ತವೆ, ಯಾವ ಸಮಿತಿಯೂ ತಡೆದಿಲ್ಲ. ತಡೆದರೂ ಡ್ರೈವರ್ ನಿಲ್ಲಿಸುತ್ತಿರಲಿಲ್ಲ, ಹಿಂದೆ ಇನ್ನೊಂದು ಬಸ್ಸಿನ ಟೈಮಿಂಗ್ ಇರುತ್ತದೆ. ಅದಿರಲಿ, ಇದರಲ್ಲಿ ಅಪ್ಪನ ಪಾಲೊಂದು ಉಂಟು. ಬಸ್ಸು ಲಾರಿಗಳ ಟೈರಿನಲ್ಲಿ ಮರದಿಂದ ಇಳಿದ ರಬ್ಬರಿನ ಪಾಲು ಹೆಚ್ಚು, ಕಾರಿನ ಟೈರಿನಲ್ಲಿ ಕಾರ್ಖಾನೆಯ ಕೃತಕ ರಬ್ಬರಿನದ್ದು. ಅಪ್ಪ ಹೊಗೆ ಕುಡಿದು ಒಣಗಿಸಿದ ಶೀಟು ಸವಾರಿ ಹೋಗುವುದಿದ್ದರೆ ಬಸ್ಸಿನ ಅಡಿಯಲ್ಲೇ, ಅದೂ ಒಮ್ಮೆ ಸವೆದ ಮೇಲೆ ರಿಸೋಲ್ ಆಗಿ ಮತ್ತೊಮ್ಮೆ. ಮಗನ 270ರ ಟೈರಿನಲ್ಲಿ ಅಪ್ಪನ ಪಾಲು ಹುಡುಕಿದರೆ ಸಿಗುವುದು ಮುಖ್ಯವಾಗಿ ಬಿಲ್ಲಿನಲ್ಲಿ.

ಕಾನೂನು ಬೇರೆ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಬರೆದಿದ್ದಾರೆ. ನಾನು ಇದನ್ನು ಹೇಳಿದಾಗ ಹುಡುಗ, "ಹಿಂದಿನ ಟೈರು ಯಾರು ನೋಡ್ತಾರೆ ಮಾಷ್ಟ್ರೆ?" ಎಂದ. ನೋಡಲಿ ಎಂದೇ ಅಲ್ಲವೇ ಹಾಕಿಸಿದ್ದು ಎಂದು ನಾನು ಕೇಳಲಿಲ್ಲ. ನೆರೆಮನೆ, ನಾಳೆ ಕಂದೀಲು ಕೊಡುವವರು, ಹಲಸಿನ ಹಣ್ಣು ಕೊಡುವವರು.

ಡಿಸೆಂಬರಿನಲ್ಲಿ ಹತ್ತಿರದ ಬಾಕಿಮಾರು ಗದ್ದೆಯಲ್ಲಿ ಬಯಲಾಟ. ಕೊಯ್ಲಾದ ಗದ್ದೆಯಲ್ಲೇ ಪಾರ್ಕಿಂಗ್. ನಡುರಾತ್ರಿ ಹೊತ್ತು ಗೊತ್ತಿಲ್ಲದ ಮಳೆ ಅರ್ಧ ಗಂಟೆ ಹೊಡೆದು ಹೋಯಿತು. ಆಟ ಮುಗಿದು ಜನ ಹೊರಟಾಗ ರಿಕ್ಷಾಗಳು ಒಂದೊಂದಾಗಿ ಕೆಸರು ದಾಟಿ ರಸ್ತೆಗೆ ಹತ್ತಿದವು, ಜೀಪು ಹತ್ತಿತು. ಹುಡುಗನ ಕಾರು ಮಾತ್ರ ನಿಂತಲ್ಲೇ ಕೂಗಿತು. ಏಳೆಂಟು ಮಂದಿ ಮುಂಡು ಎತ್ತಿ ಕಟ್ಟಿ ಹಿಂದೆ ನಿಂತು ತಳ್ಳಿದೆವು. "ಹಿಂದೆ ಭಾರ ಹಾಕಿ ಮಾರಾಯ್ರೆ, ಆಗ ಹತ್ತುತ್ತದೆ" ಎಂದು ರಿಕ್ಷಾ ಶಾಸ್ತ್ರ ಬಲ್ಲವರೊಬ್ಬರು ಸಲಹೆ ಕೊಟ್ಟರು. ಇಬ್ಬರು ಡಿಕ್ಕಿಯಲ್ಲಿ ಕೂತರು. ಮೂತಿ ಮೇಲೆದ್ದು ಎದುರಿನ ಚಕ್ರ ಇನ್ನಷ್ಟು ಗುಂಡಿ ತೋಡಿತು. ಕೊನೆಗೆ ಚೆಂಡೆಯವರ ಟೆಂಪೋದಿಂದ ಇಳಿದ ಒಬ್ಬರು ಕಾರನ್ನು ಒಂದು ಸುತ್ತು ಬಂದು, ಬಗ್ಗಿ ನೋಡಿ, ಡಿಕ್ಕಿಯವರನ್ನು ಎಬ್ಬಿಸಿ ಬಾನೆಟ್ ಮೇಲೆ ಕೂರಿಸಿದರು. ಹುಡುಗ "ಬಾನೆಟ್ ಬಗ್ಗುತ್ತದೆ ಅಣ್ಣಾ" ಎನ್ನುವಷ್ಟರಲ್ಲಿ ಕಾರು ಎದ್ದು ರಸ್ತೆಗೆ ಬಂದಿತ್ತು.

ಹಿಂದೆ ನಿಂತು ತಳ್ಳಿದ ನಮ್ಮ ಯಾರ ಮೈಗೂ ಒಂದು ಹನಿ ಕೆಸರು ಹಾರಿರಲಿಲ್ಲ. ಹುಡುಗ ಇಳಿದು ಬಂದು, ಮೊಬೈಲಿನ ಲೈಟು ಹಾಕಿ 215ರ ಎರಡೂ ಟೈರುಗಳನ್ನು ತಟ್ಟಿ ನೋಡಿದ. ಮುಖ ಅರಳಿತು.

"ನೋಡಿದ್ರಾ ಮಾಷ್ಟ್ರೆ, ಎಂಥಾ ಕೆಸರು! ಹಿಂದಿನ ಟೈರ್ ಒಂಚೂರಾದ್ರೂ ಸ್ಲಿಪ್ ಆಯ್ತಾ?"